ಫೈಟ್ ಇಲ್ಲದ ಪಿಕ್ಚರ್

ಮಾರ್ಚ್ ೫, ಗುರುವಾರ

ಕಿಟಕಿಯ ಗಾಜು ಒರೆಸಿದೆ. ಟಿಕೆಟ್ ಮೆಷಿನ್ನಿಗೆ ಹೊಸ ರೋಲ್ ಹಾಕಿದೆ. ಆಚೆ ಪೋಸ್ಟರ್ ಏರಿತು — ಊರಿನ ನೆತ್ತಿಯ ಮೇಲೆ ಅನ್ಯಲೋಕದ ಹಡಗು, ಹೊಟ್ಟೆಯಿಂದ ಬೆಂಕಿ ಉಗುಳುತ್ತಿದೆ. ಹುಡುಗರು ಈಗಲೇ ಅದರ ಮುಂದೆ ನಿಂತು ಸೆಲ್ಫಿ.

"ನಾಳೆ ಜನ ಮುಗಿಬೀಳ್ತಾರೆ. ನೀನು ಟಿಕೆಟ್ ಹರಿ, ಮಾತು ಹರಿಬಿಡಬೇಡ," ಅಂದರು ಚಿಕ್ಕಪ್ಪ. ಈ ಟಾಕೀಸಿಗೆ ಅವರೇ ಮ್ಯಾನೇಜರ್. ಅವರ ಮುಖ ನೋಡಿ ನನಗೆ ಈ ಕೆಲಸ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟ ಮೇಲೆ ಪ್ರೆಸ್ಸು, ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ... ಎಲ್ಲ ಕಡೆಯೂ ನಾಲಿಗೆಯಿಂದಲೇ ಹೋಯಿತು. "ಈ ಬಣ್ಣ ನಿಮಗೆ ಒಪ್ಪಲ್ಲ" ಅಂದಿದ್ದೆ ಒಬ್ಬರಿಗೆ. ಒಪ್ಪುತ್ತಿರಲಿಲ್ಲ.

ಅಮ್ಮ ಹೇಳಿಬಿಟ್ಟಿದ್ದಾಳೆ, "ಇದನ್ನೂ ಬಿಟ್ಟು ಬಂದ್ರೆ ಬಾಗಿಲು ತೆಗೆಯಲ್ಲ ನೋಡು."

ಮಾರ್ಚ್ ೬, ಶುಕ್ರವಾರ

ಎಲ್ಲ ಶೋ ಹೌಸ್‌ಫುಲ್. ಆದರೆ ಮೊದಲ ಶೋ ಬಿಟ್ಟಾಗ ಶಿಳ್ಳೆಯಲ್ಲ, ಬೈಗುಳ.

"ಯುದ್ಧ ಎಲ್ರೀ? ಪೋಸ್ಟರಲ್ಲಿ ಬೆಂಕಿ, ಒಳಗೆ ತಣ್ಣೀರು!"

"ಹಡಗು ಬಂತು, ನಿಂತ್ಕೊಂತು. ನಮ್ಮ ಭಾವ ಮನೆಗೆ ಬಂದ ಹಾಗೆ. ಹೋಗೋ ಮಾತೇ ಇಲ್ಲ!"

ಭಾವನ ಮಾತಿಗೆ ನನಗೂ ನಗು ಬಂತು. ಮೈಕ್ ಹಿಡಿದು ವಿಮರ್ಶೆ ಮಾಡುವ ಯೂಟ್ಯೂಬ್ ಹುಡುಗ ಇಂಟರ್ವಲ್‌ಗೇ ಎದ್ದು ಬಂದ. ಸಂಜೆಯೊಳಗೆ ವಿಡಿಯೊ: "ಕ್ಲೈಮ್ಯಾಕ್ಸ್ ಅಂತೂ ವೇಸ್ಟ್." ಕ್ಲೈಮ್ಯಾಕ್ಸ್ ಆಗುವಾಗ ನನ್ನ ಕಿಟಕಿ ಪಕ್ಕ ಜ್ಯೂಸ್ ಕುಡಿಯುತ್ತಿದ್ದ.

ಮಾರ್ಚ್ ೭, ಶನಿವಾರ. ಮಧ್ಯಾಹ್ನ

ಬೆಳಗಿನ ಶೋ ನೋಡಿದೆ. ಚಿಕ್ಕಪ್ಪನೇ ಕಿಟಕಿಯಲ್ಲಿ ಕೂತರು. "ಬೈಸ್ಕೊಳ್ಳೋಳಿಗೆ ಯಾಕೆ ಅಂತಾದ್ರೂ ಗೊತ್ತಿರಲಿ."

ಹೇಗೆ ಬರೆಯಲಿ...

ಹಡಗು ಬರುತ್ತದೆ. ಊರಿನ ಮೇಲೆ ನಿಲ್ಲುತ್ತದೆ. ಜನ ಬಂಕರಿಗೆ ಓಡುತ್ತಾರೆ. ಏನೂ ಆಗುವುದಿಲ್ಲ. ವರ್ಷಗಳು ಹೋಗುತ್ತವೆ. ಊರಿಗೆ ಆ ನೆರಳು ರೂಢಿಯಾಗುತ್ತದೆ. ಲಾಂಡ್ರಿಯ ಹೆಂಗಸೊಬ್ಬಳು ದಿನವೂ ಒದ್ದೆ ಬಟ್ಟೆ ಹೊತ್ತು ನೆರಳಿನ ಅಂಚು ದಾಟಿ ಬಿಸಿಲಿಗೆ ನಡೆಯುತ್ತಾಳೆ. ಅವಳ ಮಗು ನೆರಳಲ್ಲೇ ಹುಟ್ಟಿದ್ದು. ಅಷ್ಟು ದೂರ ನಡೆಯಲಾರದು, ಬಿಸಿಲನ್ನೇ ಕಂಡಿಲ್ಲ. ಪೋಸ್ಟರಿನ ಬೆಂಕಿ ಒಬ್ಬ ಸೈನಿಕನ ಕನಸು, ಕಣ್ಣು ಮಿಟುಕಿಸಿದರೆ ಮುಗಿಯಿತು.

ನಡುವೆ ಬೋರ್. ಸುಳ್ಳು ಯಾಕೆ? ಮೇಯರ್ ಭಾಷಣ ಮುಗಿಯುವುದೇ ಇಲ್ಲ. ಒಂದು ಜೊಂಪು ತೆಗೆದೆ.

ಕೊನೆಗೆ ಒಂದು ಬೆಳಿಗ್ಗೆ ಹಡಗು ಸದ್ದಿಲ್ಲದೆ ಹೊರಟುಹೋಗುತ್ತದೆ. ಬೀದಿಗೆ ಬಿಸಿಲು ಬೀಳುತ್ತದೆ. ಮಗು ಕಾಲ ಬುಡದಲ್ಲಿ ಕಪ್ಪಗೆ ಏನನ್ನೋ ಕಂಡು ಚೀರಿ ಓಡುತ್ತದೆ. ಅದೂ ಬೆನ್ನು ಬಿಡದೆ ಓಡುತ್ತದೆ. ತಾಯಿ ಬಂದು ತನ್ನ ನೆರಳನ್ನು ಮಗುವಿನ ನೆರಳಿನ ಪಕ್ಕ ನಿಲ್ಲಿಸುತ್ತಾಳೆ. ಅಷ್ಟೇ. ಸಂಗೀತವೂ ಇಲ್ಲ.

"ಹೇಗಿದೆಯೇ?" ಅಂದರು ಚಿಕ್ಕಪ್ಪ. ಮಾತು ಹೊರಡಲಿಲ್ಲ. ನನಗೆ!

ಮಾರ್ಚ್ ೮, ಭಾನುವಾರ

ಪೇಪರಿನಲ್ಲಿ ವಿಮರ್ಶೆ. ಬರೆದವರು ಶುಕ್ರವಾರ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡ ಕನ್ನಡಕದ ಮೇಡಂ — ಫೋಟೋ ನೋಡಿ ಗುರುತು ಸಿಕ್ಕಿತು. "ಸುಳ್ಳು ಹೇಳಿದ್ದು ಪೋಸ್ಟರ್, ಚಿತ್ರವಲ್ಲ. ಯುದ್ಧಕ್ಕೆಂದು ಬಿಗಿದ ಮುಷ್ಟಿಯನ್ನು ಅದು ಮೆಲ್ಲಗೆ ಬಿಡಿಸುತ್ತದೆ." ಮೇಯರ್ ಭಾಷಣಕ್ಕೆ ಕತ್ತರಿ ಬೇಕಿತ್ತು ಅಂತಲೂ ಬರೆದಿದ್ದಾರೆ. ಭೇಷ್. ಪುಸ್ತಕ ಕಂಡರೆ ಆಗದವಳು ಮತ್ತೆ ಮತ್ತೆ ಓದಿದೆ.

ಮಾರ್ಚ್ ೯, ಸೋಮವಾರ

ಹಾಲ್ ಭಣಭಣ. ಕಿಟಕಿಯಲ್ಲಿ ಒಬ್ಬ, ಹಿಂದೆ ಅವನ ಗುಂಪು —

"ಅಕ್ಕಾ, ಫೈಟ್ ಇದೆಯಾ?"

"ಇಲ್ಲ. ನಿಧಾನ. ಒಂದು ಭಾಷಣ ಬೋರ್. ಆದ್ರೂ ನೋಡಿ."

"ನೀವು ಟಿಕೆಟ್ ಮಾರೋಕೆ ಕೂತಿದೀರೋ, ನಮ್ಮನ್ನ ಓಡ್ಸೋಕೋ?" ಗುಂಪನ್ನು ಕರೆದುಕೊಂಡು ಹೋದ.

ಚಿಕ್ಕಪ್ಪ ಕೇಳಿಸಿಕೊಂಡರು. "ಕೂತ ಕೊಂಬೇನೇ ಕಡೀತಿದೀಯಲ್ಲೇ! ಗುರುವಾರ ಮಾಲೀಕರು ಬರ್ತಾರೆ. ಪಿಕ್ಚರೂ ಹೋಗುತ್ತೆ, ನೀನೂ ಹೋಗ್ತೀಯ."

"ಸುಳ್ಳು ಹೇಳಿ ಕೂರ್ಸಿದ್ರೆ ಹೊರಗೆ ಬಂದು ಪಿಕ್ಚರಿಗೇ ಬೈತಾರೆ ಚಿಕ್ಕಪ್ಪ."

"ಬೈಲಿ. ಟಿಕೆಟ್ ಹರಿದಾಗಿರುತ್ತಲ್ಲ."

ನಾನು ಒಪ್ಪಲಿಲ್ಲ.

ಮಾರ್ಚ್ ೧೧, ಬುಧವಾರ

ಜನ ಕಡಿಮೆ. ಆದರೆ ಬೈಯುವವರಿಲ್ಲ. ಯುದ್ಧ ಇಲ್ಲ ಎಂದು ತಿಳಿದೇ ಒಳಗೆ ಹೋದವರು.

ಶುಕ್ರವಾರ ಭಾವನ ಜೋಕ್ ಹೊಡೆದವನು ತಾಯಿಯನ್ನು ಕರೆತಂದ. "ಫೈಟ್ ಬಂದ್ರೆ ನಮ್ಮಮ್ಮ ಕಣ್ಣು ಮುಚ್ಕೊಂತಾಳೆ. ಅವಳಿಗೆ ಇದು ಸರಿ." ಶೋ ಬಿಟ್ಟಾಗ ತಾಯಿ ಸೆರಗಲ್ಲಿ ಕಣ್ಣೊರೆಸುತ್ತಿದ್ದರು. ಇವನು ಕಿಟಕಿಗೆ ಬಂದು ನಿಂತ. "ಮೊದಲ ಸಲ ಹಡಗು ಯಾವಾಗ ಹೊಡೆಯುತ್ತೆ ಅಂತ ಕಾಯ್ತಾ ಕೂತು ಆ ಮಗೂನ ನೋಡ್ಲೇ ಇಲ್ಲ ಕಣಕ್ಕಾ."

ಮಾರ್ಚ್ ೧೨, ಗುರುವಾರ. ಸಂಜೆ

ಮಾಲೀಕರು ಬಂದರು. ಕಿಟಕಿಗೆ ಬಗ್ಗಿದರು. "ಗಿರಾಕಿ ಓಡ್ಸೋ ಹುಡುಗಿ ನೀನೇನಾ?"

"ಹೂಂ ಸರ್."

ಅವರ ಬೆನ್ನ ಹಿಂದೆ ಚಿಕ್ಕಪ್ಪ ಕೈ ಮುಗಿದು ತೋರಿಸುತ್ತಿದ್ದರು — ಕ್ಷಮಿಸಿ ಅನ್ನು, ಅನ್ನೇ.

"ನಾಳೆ ಹೊಸ ಪಿಕ್ಚರ್. ಅದು ಹೇಗಿದೆ ಅಂತ ಜನ ಕೇಳಿದ್ರೆ ಏನಂತೀಯ?"

"ನೋಡಿ ಹೇಳ್ತೀನಿ ಸರ್."

ಚಿಕ್ಕಪ್ಪ ಹಣೆ ಚಚ್ಚಿಕೊಂಡರು. ಇನ್ನು ಹೋದರೆ ಹೋಗಲಿ ಅನ್ನಿಸಿತು. "ಬೆಳಗಿನ ಶೋ ಒಂದನ್ನ ಈ ಹಡಗಿನ ಪಿಕ್ಚರಿಗೇ ಬಿಡಿ ಸರ್. ನೀವು ನೋಡಿದೀರಾ ಇದನ್ನ?"

"ನಾನು ಪಿಕ್ಚರ್ ತೋರ್ಸೋನು. ನೋಡೋನಲ್ಲ."

ಅಷ್ಟರಲ್ಲಿ ಭಾವನ ಜೋಕಿನವನು, ಹಿಂದೆ ಅವನ ಹುಡುಗರ ದಂಡು. "ಅಕ್ಕಾ, ನಾಳೆಯೂ ಇರುತ್ತಾ?"

ಮಾಲೀಕರೇ ತಿರುಗಿದರು. "ಫೈಟ್ ಇಲ್ಲ ಅಂತ ಗೊತ್ತೇನ್ರೋ?"

"ಗೊತ್ತು ಸರ್. ಅಕ್ಕ ಹೇಳಿದಾರೆ. ಭಾಷಣ ಬಂದಾಗ ಹೊರಗೆ ಹೋಗಿ ಬರ್ತೀವಿ."

ಮಾಲೀಕರು ಅವರ ತಲೆ ಎಣಿಸಿದರು ಅಂತ ಕಾಣುತ್ತೆ. "ಒಂದು ವಾರ. ಬೆಳಗಿನ ಶೋ. ಆ ಬೆಂಕಿ ಪೋಸ್ಟರ್ ತೆಗೆಸ್ತೀನಿ, ಆ ಜಾಗದಲ್ಲಿ ನೀನೇ ಬೋರ್ಡ್ ಬರಿ. ಜನ ಬರ್ಲಿಲ್ಲ ಅಂದ್ರೆ ಬೋರ್ಡು ಗುಜರಿಗೆ, ನೀನು ಮನೆಗೆ."

ಈಗ ಬೋರ್ಡ್ ಮುಂದೆ ಕೂತಿದ್ದೇನೆ. ಬಣ್ಣದ ಡಬ್ಬಿ ತೆರೆದಿದೆ. ಮೊದಲು ಇಲ್ಲಿ ಬರೆದು ನೋಡೋಣ. ಪೇಪರಿನ ಆ ಮುಷ್ಟಿಯ ಮಾತು ಹಾಕಬಹುದಿತ್ತು, ಆದರೆ ಅದು ಮೇಡಂದು. 'ಅದ್ಭುತ' — ಎಲ್ಲ ಪಿಕ್ಚರಿಗೂ ಅದೇ. ಹೊಡೆದುಹಾಕಿದೆ. ಮಗುವಿನ ವಿಷಯ ಹೇಳಿದರೆ ನೋಡುವವರಿಗೆ ಮೋಸ. ಹೇಳದಿದ್ದರೆ ಇನ್ನೇನು ಹೇಳುವುದು?

ಯುದ್ಧ ಇಲ್ಲ.
ನಿಧಾನ. ಮೇಯರ್ ಭಾಷಣ ತಡೆದುಕೊಳ್ಳಿ.
ಕೊನೆಯವರೆಗೂ ಕೂತಿರಿ. ಹಡಗು ಹೋದ ಮೇಲೆ ಬಿಸಿಲು ಬೀಳುತ್ತದೆ. ಆಗ ನಿಮಗೆ...

ಇಷ್ಟಕ್ಕೇ ನಿಲ್ಲಿಸಿ ಕುಂಚ ಕೈಗೆತ್ತಿಕೊಂಡೆ; ಉಳಿದದ್ದನ್ನು ಅವರೇ ನೋಡಲಿ.