ತಳದ ಪಾಲು

ಅಮ್ಮಾ,

ಈ ಕಾಗದ ನಿನ್ನನ್ನು ತಲುಪುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ವ್ಯಾಪಾರಿಯಾದವನು ಮಾಡಬಾರದ ಕೆಲಸ.

ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಿ ಸಾಕಾದ ನಿನ್ನ ಸೊಸೆ ಇವತ್ತು ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದಳು. “ರೀ, ಇದೇನು ಅಡುಗೆಮನೇನೋ, ನಿಮ್ಮ ಅಂಗಡಿ ಗೋದಾಮೋ? ಇನ್ನು ಅಕ್ಕಿ, ಬೇಳೆ, ಈರುಳ್ಳಿ, ಎಣ್ಣೆ, ಉಪ್ಪು, ಅಷ್ಟೇ. ಎಲ್ಲರಿಗೂ ಒಂದೇ ಪಾತ್ರೆ. ಮಕ್ಕಳು ತಿನ್ನದಿದ್ರೆ ನಾಳೆಯಿಂದ ಸೌಟು ನಿಮ್ಮ ಕೈಗೆ!”

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದೇ ಅಷ್ಟಲ್ಲವೇ? ಸೌಟಿನ ಭಯಕ್ಕೆ, ಮಕ್ಕಳು ಹೇಗಾದರೂ ತಿನ್ನಲೆಂದು, ಇವತ್ತು ನಾನೇ ಒಲೆಯ ಮುಂದೆ ನಿಂತೆ. ನಿನ್ನ ಹಾಗೆಯೇ ಅಕ್ಕಿ ಬೇಳೆ ಒಟ್ಟಿಗೆ ಬೇಯಲಿಟ್ಟು, ಪಾತ್ರೆಯ ಮೇಲೆ ನೀರು ತುಂಬಿದ ತಟ್ಟೆ ಮುಚ್ಚಿ, ಆ ನೀರು ಕಾದ ಮೇಲೆ ಅದನ್ನೇ ಒಳಗೆ ಸುರಿದೆ. ಕಿಟಕಿಯ ಬಿಸಿಲಿನಲ್ಲಿ ಹಬೆ ನಿಧಾನವಾಗಿ ಏಳುತ್ತಿತ್ತು. ಅದರಾಚೆ ಯಾರೋ ನಿನ್ನಂತೆಯೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಂತಿತ್ತು. ನೋಡುತ್ತಾ ನಿಂತುಬಿಟ್ಟೆ, ತಳ ಹಿಡಿಯಿತು.

ಆದರೂ ಮಕ್ಕಳು ಕಿತ್ತಾಡಿಕೊಂಡು ತಿಂದರು. “ಅಪ್ಪಾ, ನಾಳೇನೂ ನೀನೇ ಮಾಡು” ಎಂದಳು ಚಿಕ್ಕವಳು.

“ತಿಂದ್ರೂ ಸೌಟು ನಿಮಗೇ ಅಂಟ್ಕೊಳ್ತು ನೋಡಿ” ಎಂದು ನಿನ್ನ ಸೊಸೆ ನಕ್ಕಳು. ಎಷ್ಟು ದಿನಗಳಾಗಿದ್ದವು ಅವಳು ನಕ್ಕು.

ಕೊನೆಗೆ ನನ್ನ ಪಾಲಿಗೆ ತಳದ್ದಷ್ಟೇ ಉಳಿಯಿತು. “ನನಗೆ ತಳದ್ದೇ ಇಷ್ಟ ಕಣೋ” ಎನ್ನುತ್ತಾ ನೀನು ದಿನವೂ ಪಾತ್ರೆ ಕೆರೆಯುತ್ತಿದ್ದೆಯಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿ ನೋಡದೆ ಮೂಟೆ ಕೊಳ್ಳುವವನಲ್ಲ ನಾನು. ನಿನ್ನ ಆ ಮಾತನ್ನು ಮಾತ್ರ ಹಾಗೆಯೇ ನಂಬಿದ್ದೆ.

ಇವತ್ತು ತಿಂದು ನೋಡಿದೆ, ಅಮ್ಮಾ. ಕಹಿ.