ಗುಡಿಸದೆ ಬಿಡಬೇಕಾದ ಡ್ರೈಯರ್

ಲಾಂಡ್ರಿಯ ಮೇಲಿನ ಕೋಣೆ,
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ನಿಜ ಹೇಳು. ತಮ್ಮನನ್ನು ಕೇಳಿದರೆ "ಅಮ್ಮ ಫಸ್ಟ್ ಕ್ಲಾಸ್" ಅನ್ನುತ್ತಾನೆ. ಅವನ ಹೆಂಡತಿ ಹೇಳುವ ಸುದ್ದಿಯೇ ಬೇರೆ. ವ್ಯಾಯಾಮ ಮಾಡಿಸುವವಳು ಬಂದಾಗ ಕಾಲು ಎತ್ತಲಾಗದೆ ನರಳುತ್ತೀಯಂತೆ, ಅವಳು ಗೇಟು ದಾಟಿದ್ದೇ ತಡ ಎದ್ದು ಹೋಗಿ ಅವರ ಬೀರುವಿನ ಟವಲುಗಳನ್ನೆಲ್ಲ ಕೆಳಗಿಳಿಸಿ ಹೊಸದಾಗಿ ಮಡಚಿಡುತ್ತೀಯಂತೆ. "ನಾವು ಮಡಚಿದ್ದು ಅತ್ತೆಗೆ ಹಿಡಿಸೋದೇ ಇಲ್ಲ ಬಿಡಿ" ಎಂದು ನಗುತ್ತಿದ್ದಳು, ಪಾಪ, ನಿಜವಾಗಿಯೂ ನಗುತ್ತಿದ್ದಳು. ಆದರೂ ಅಮ್ಮಾ, ಅದು ಅವರ ಬೀರು. ಹೊಸ ಮಂಡಿ ಹಾಕಿಸಿಕೊಂಡಿರುವುದು ಅವರ ಟವಲು ಮಡಚುವುದಕ್ಕಲ್ಲ. ಮಾತ್ರೆ ತಪ್ಪಿಸಬೇಡ, ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಡಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಆಸ್ಪತ್ರೆಯ ಚಾದರಗಳು ಹೊತ್ತಿಗೆ ಸರಿಯಾಗಿ ಹೋಗುತ್ತಿವೆ, ಹೋಟೆಲಿನವರು ಎಂದಿನಂತೆ ದಿಂಬಿನ ಚೀಲ ಕಡಿಮೆ ಕಳಿಸಿ ಜಾಸ್ತಿ ಕಳಿಸಿದ್ದೇವೆ ಎಂದು ವಾದಿಸುತ್ತಿದ್ದಾರೆ. ಇಸ್ತ್ರಿ ಮೇಜಿನ ದೊಡ್ಡಕ್ಕ ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ, ನನ್ನನ್ನು ಕೂಡ. ಬಾಯ್ಲರ್ ಮಾವ ತನ್ನ ಬಾಯ್ಲರಿಗೆ ಮಗುವಿಗೆ ಬೈಯುವ ಹಾಗೆ ಬೈಯುತ್ತಾ, ಅದರ ಪಕ್ಕದಲ್ಲೇ ಬುತ್ತಿ ಬಿಸಿ ಮಾಡಿಕೊಂಡು, ಸುಖವಾಗಿದ್ದಾನೆ. ನಿನ್ನ ಅಳಿಯ ಕೇಳಿದ್ದೇನೆಂದು ಹೇಳು ಅಂದರು.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ವಾಕ್ಯ ಹೇಳುವಷ್ಟರಲ್ಲಿ ನೀನು "ಬೇಡ" ಎಂದುಬಿಡುತ್ತೀಯ. ಒಮ್ಮೆ ನಿನ್ನ ಬಾಯಿಂದ "ಬೇಡ" ಬಂದ ಮೇಲೆ ಮುಂದಿನದು ನನಗೆ ಹೇಳಲು ಬರುವುದಿಲ್ಲ. ಈ ವಯಸ್ಸಿನಲ್ಲೂ ಬರುವುದಿಲ್ಲ. ಕಾಗದದಲ್ಲಾದರೆ ನೀನು ಕೊನೆಯವರೆಗೂ ಓದುತ್ತೀಯ. ನನ್ನ ಕನ್ನಡದ ತಪ್ಪು ಹುಡುಕುವುದಕ್ಕಾದರೂ ಓದುತ್ತೀಯ. ಕಾನ್ವೆಂಟಿಗೆ ಹಾಕಿದವಳು ನೀನೇ, ಅನುಭವಿಸು.

ಮೊದಲು ಸಿಹಿ ಸುದ್ದಿ. ಸರ್ಕಾರದ ಎರಡನೇ ಹಂತದ ಸಂಶೋಧನಾ ಅನುದಾನ ನಮಗೆ ಮಂಜೂರಾಗಿದೆ. ನಿನ್ನೆ ಪತ್ರ ಬಂತು. ಇಂಧನ ಉಳಿಸುವ ಹೊಸ ಯಂತ್ರಗಳನ್ನು ಕಂಡುಹಿಡಿಯುವ ಸಣ್ಣ ಉದ್ದಿಮೆಗಳಿಗೆಂದೇ ಇಟ್ಟ ಹಣ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಬ್ಯಾಟರಿಯವರು, ಸೋಲಾರಿನವರು. ಲಾಂಡ್ರಿಯ ಹಿಂಬದಿಯಲ್ಲಿ ಮೇಣದ ಪೆಟ್ಟಿಗೆ ಇಟ್ಟುಕೊಂಡು ಹೋದವಳು ನಾನೊಬ್ಬಳೇ. ಮೊದಲ ಹಂತದ ಹೊತ್ತಿಗೆ ನೀನು ಇಲ್ಲೇ ಇದ್ದೆ, ಆ ಪಾಡು ನಿನಗೆ ಗೊತ್ತು. ಮೊದಲ ಅರ್ಜಿ ಹೇಗೆ ವಾಪಸು ಬಂತು ನೆನಪಿದೆಯಾ? "ಅರ್ಜಿದಾರರಿಗೆ ಎಲ್ಲವೂ ಮೊದಲೇ ಗೊತ್ತಿರುವಂತೆ ಕಾಣುತ್ತದೆ. ಹಾಗಾದರೆ ಸಂಶೋಧನೆ ಏತಕ್ಕೆ?" ಅದನ್ನು ಓದಿ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ತಪ್ಪು ನಮ್ಮ ಅಂಗಡಿಯ ಅಭ್ಯಾಸದ್ದು. ಗಿರಾಕಿಯ ಮುಂದೆ "ನೋಡೋಣ" ಎನ್ನಬಾರದು, "ನಾಳೆ ಸಂಜೆಗೆ ರೆಡಿ" ಎನ್ನಬೇಕು; ಕಲೆ ಹೋಗುತ್ತೋ ಇಲ್ಲವೋ ಎಂಬ ಆತಂಕ ಕೌಂಟರಿನ ಒಳಗೇ ಇರಬೇಕು. ಹಾಗೆ ಬೆಳೆದವಳು ನಾನು, ಸರ್ಕಾರಕ್ಕೂ "ನಾಳೆ ಸಂಜೆಗೆ ರೆಡಿ" ಎಂದೇ ಬರೆದಿದ್ದೆ, ಒಳ್ಳೆಯ ಇಂಗ್ಲಿಷಿನಲ್ಲಿ. ಅವರಿಗೆ ಬೇಕಾಗಿದ್ದದ್ದು ಕೌಂಟರಿನ ಒಳಗಿನ ಆತಂಕ. ಎರಡನೇ ಸಲ ಅದನ್ನು ಬರೆದೆ, ಕೊಟ್ಟರು, ಪೆಟ್ಟಿಗೆ ಕಟ್ಟಿದೆವು.

ಪೆಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಹಗಲೆಲ್ಲ ಡ್ರೈಯರುಗಳು ಹೊರಗೆ ಉಗುಳುವ ಬಿಸಿಗಾಳಿ ಅದರ ಕಿರಿದಾದ ಸಂದುಗಳಲ್ಲಿ ನುಗ್ಗಿ ಮೇಣವನ್ನು ಕರಗಿಸುತ್ತದೆ. ಬೆಳಿಗ್ಗೆ ತಣ್ಣೀರು ಕೊಳವೆಯಲ್ಲಿ ಅದೇ ಮೇಣದ ನಡುವೆ ಹಾದುಹೋಗುತ್ತದೆ, ಮೇಣ ಗಟ್ಟಿಯಾಗುತ್ತಾ ತನ್ನ ಬಿಸಿಯನ್ನೆಲ್ಲ ನೀರಿಗೆ ಕೊಟ್ಟುಬಿಡುತ್ತದೆ. ಬಾಯ್ಲರಿಗೆ ಬರುವ ಹೊತ್ತಿಗೆ ನೀರು ಆಗಲೇ ಬೆಚ್ಚಗಿರುತ್ತದೆ. ಬಾಯ್ಲರ್ ಮಾವನಿಗೆ ಮೊದಮೊದಲು ಇದರ ಮೇಲೆ ಸವತಿ ಮತ್ಸರ. ಈಗ ಬಂದವರಿಗೆಲ್ಲ ತಾನೇ ಕರೆದುಕೊಂಡು ಹೋಗಿ ತೋರಿಸುತ್ತಾನೆ, "ಇದು ನಮ್ಮ ಮನೆ ಸೊಸೆ, ಬೇಗ ಎದ್ದು ನೀರು ಕಾಯಿಸ್ತಾಳೆ" ಎಂದು. ಈ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ಅಷ್ಟು ಚೆನ್ನಾಗಿ ನಾನೂ ವಿವರಿಸಿಲ್ಲ.

ಈಗ ಹೇಳಬೇಕಾದದ್ದು. ಹಣ ಕೊಡುವ ಮುಂಚೆ ಪರಿಶೀಲನೆಗೆ ಇಬ್ಬರು ಬಂದಿದ್ದರು: ಒಬ್ಬ ಅಧಿಕಾರಿ, ಜೊತೆಗೆ ಉಷ್ಣ ವಿಜ್ಞಾನದ ಒಬ್ಬ ಪ್ರೊಫೆಸರಮ್ಮ. ನಿನ್ನ ವಯಸ್ಸಿಗೆ ಹತ್ತಿರದವರು, ಬೂಟು ಹಾಕಿಕೊಂಡು ಬಂದಿದ್ದರು, ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡುವ ಹೆಂಗಸು. ಅವರು ಬರುತ್ತಾರೆಂದು ದೊಡ್ಡಕ್ಕ ನೆಲ ಒರೆಸಿದ್ದನ್ನೇ ಮತ್ತೆ ಒರೆಸಿ, ಡ್ರೈಯರುಗಳ ಜಾಲರಿ ತೆಗೆದು, ಗಾಳಿ ಹೋಗುವ ತಗಡಿನ ಕೊಳವೆಯೊಳಗೆ ಬಟ್ಟೆ ತುರುಕಿ ಎಳೆದು, ಬೆಳ್ಳಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಇಟ್ಟಿದ್ದಳು. ನಾನೂ ಸಂತೋಷಪಟ್ಟೆ. ಪ್ರೊಫೆಸರಮ್ಮ ಮೀಟರು ನೋಡಿದರು, ನಾನು ಬರೆದಿಟ್ಟ ಅಂಕಿಗಳನ್ನು ನೋಡಿದರು, ತಲೆಯಾಡಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಬಟ್ಟೆಯ ತೋಳು ಮೇಲೆ ಮಡಚಿ ಡ್ರೈಯರಿನ ಹಿಂದಿನ ಕೊಳವೆಗೆ ಕೈ ಹಾಕಿ, ಹೊರಗೆ ತೆಗೆದು, ಅಂಗೈ ನೋಡಿಕೊಂಡರು. ಬಟ್ಟೆಯ ಜುಂಗು ಒಂದು ಎಳೆಯೂ ಇಲ್ಲ. "ಏನಮ್ಮಾ ಇದು, ಲಾಂಡ್ರಿನೋ ಆಪರೇಷನ್ ಥಿಯೇಟರೋ?" ಅಂದರು.

ದೊಡ್ಡಕ್ಕನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. "ನೀವು ಬರ್ತೀರಿ ಅಂತ ಮಾಡಿದ್ದಲ್ಲ ಮೇಡಂ, ನಮ್ಮಲ್ಲಿ ದಿನಾ ಹೀಗೇ. ಬಟ್ಟೆಯಿಂದ ಉದುರಿದ ಜುಂಗು ಪೂರ್ತಿ ಗುಡಿಸದೆ ಯಾರೂ ಮನೆಗೆ ಹೋಗೋ ಹಾಗಿಲ್ಲ. ದೊಡ್ಡಮ್ಮನ ಕಾನೂನು" ಎಂದು ನಿನ್ನ ಖಾಲಿ ಕುರ್ಚಿಯ ಕಡೆ ಕೈ ತೋರಿಸಿದಳು. ಬೇರೆ ಲಾಂಡ್ರಿಗಳಲ್ಲೂ ಹೀಗೇನಾ ಎಂದು ಪ್ರೊಫೆಸರಮ್ಮ ಕೇಳಿದರು. "ಅಯ್ಯೋ, ಬೇರೆಯವರ ಸುದ್ದಿ ಬಿಡಿ! ಅವರ ಡ್ರೈಯರ್ ಬಿಚ್ಚಿದ್ರೆ ಒಂದು ಹಾಸಿಗೆಗೆ ಆಗೋಷ್ಟು ಜುಂಗು ಸಿಗುತ್ತೆ." ಎಲ್ಲರೂ ನಕ್ಕರು. ಬಾಯ್ಲರ್ ಮಾವ ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಅವರು ಮುಂದೆ ಏನು ಕೇಳುತ್ತಾರೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಕೇಳಿಯೇ ಬಿಟ್ಟರು. "ಹಾಗಾದ್ರೆ ಆ ಹಾಸಿಗೆಯವರ ಲಾಂಡ್ರಿಯಲ್ಲಿ ನಿಮ್ಮ ಪೆಟ್ಟಿಗೆ ಏನು ಮಾಡುತ್ತೆ?"

ಅಮ್ಮಾ, ಇಷ್ಟು ಕಾಲ ನಾನು ಅಳತೆ ತೆಗೆದದ್ದೆಲ್ಲ ನಿನ್ನ ಕಾನೂನಿನ ನೆರಳಿನಲ್ಲಿ. ಜಗತ್ತಿನಲ್ಲೇ ಅತ್ಯಂತ ಶುದ್ಧವಾದ ಡ್ರೈಯರುಗಳ ಗಾಳಿಯನ್ನು ಹಿಡಿದು, ನನ್ನ ಪೆಟ್ಟಿಗೆ ಎಲ್ಲ ಕಡೆಯೂ ನಡೆಯುತ್ತದೆ ಎಂದುಕೊಂಡಿದ್ದೆ. ಆ ಕಿರಿದಾದ ಸಂದುಗಳಲ್ಲಿ ಜುಂಗು ಸಿಕ್ಕಿಕೊಂಡರೆ ಏನಾಗಬಹುದು ಎಂದು ನಾನು ಯೋಚಿಸಲೇ ಇಲ್ಲ. ನಮ್ಮಲ್ಲಿ ಅದು ಕಣ್ಣಿಗೆ ಬೀಳುವ ವಸ್ತುವೇ ಅಲ್ಲವಲ್ಲ. ಸಂದು ಮುಚ್ಚಿದರೆ ಡ್ರೈಯರಿಗೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಡ್ರೈಯರ್ ಒಳಗೇ ಕಾಯುತ್ತದೆ. ಆಮೇಲೇನು ಎನ್ನುವುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಇಂಧನ ಉಳಿಸಲೆಂದು ನಾನು ಮಾಡಿದ ವಸ್ತು ಯಾರದೋ ಲಾಂಡ್ರಿಗೆ ಬೆಂಕಿ ಹಚ್ಚಬಹುದು.

ನನ್ನ ಬಾಯಲ್ಲಿ ಒಳ್ಳೆಯ ಉತ್ತರಗಳಿದ್ದವು. ನಿರ್ವಹಣಾ ಕೈಪಿಡಿ ಕೊಡುತ್ತೇವೆ, ಗಿರಾಕಿಗಳಿಗೆ ತರಬೇತಿ ಕೊಡುತ್ತೇವೆ, ಇತ್ಯಾದಿ. ಕಾಲೇಜಿನಲ್ಲಿ ಪಾಠ ಹೇಳಿದವಳಿಗೆ ಇಂಥ ವಾಕ್ಯಗಳಿಗೆ ಬರವಿಲ್ಲ. ಹೇಳಲಿಲ್ಲ. "ಗೊತ್ತಿಲ್ಲ" ಅಂದೆ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ದೊಡ್ಡಕ್ಕ ನನ್ನ ಬೆನ್ನ ಹಿಂದೆ "ಹೀಗಂದ್ರೆ ಹೇಗೆ" ಎಂದು ಗೊಣಗಿದಳು. ಆದರೆ ಹೇಳಿದ ಮೇಲೆ ನನಗೆ ಆಶ್ಚರ್ಯವಾಗುವಷ್ಟು ಧೈರ್ಯ ಬಂತು. ಮುಂದಿನದು ತಾನಾಗಿ ಬಂತು: ಒಂದು ಡ್ರೈಯರನ್ನು ಬೇಕೆಂದೇ ಗುಡಿಸದೆ ಬಿಡಬೇಕು, ಜುಂಗು ಎಲ್ಲಿ ಕೂರುತ್ತದೆ, ಎಷ್ಟು ಕೂತರೆ ಗಾಳಿ ನಿಲ್ಲುತ್ತದೆ, ಶಾಖ ಎಲ್ಲಿ ಏರುತ್ತದೆ ಎಂದು ಅಳೆಯಬೇಕು, ಏರುವ ಮೊದಲೇ ಯಂತ್ರ ತಾನಾಗಿ ನಿಲ್ಲುವಂತೆ ಮಾಡಬೇಕು. ಪ್ರೊಫೆಸರಮ್ಮ ಮೊದಲ ಸಲ ನಕ್ಕರು. "ಇದೀಗ ಸಂಶೋಧನೆ" ಅಂದರು. ಅನುದಾನ ಬಂದಿರುವುದು ಇದಕ್ಕೇ, ಅಮ್ಮಾ. ಪತ್ರದಲ್ಲಿ ಹಾಗೆಂದೇ ಬರೆದಿದ್ದಾರೆ.

ಗುಡಿಸದ ಡ್ರೈಯರ್ ಬೇಕು ಎಂದು ಸಲೀಸಾಗಿ ಹೇಳಿಬಿಟ್ಟೆ. ಅದು ನಿನ್ನ ಮನೆಯಂಗಳದಲ್ಲಿ ಎನ್ನುವುದು ಅವರ ಕಾರು ತಿರುವು ದಾಟಿದ ಮೇಲೆ ಹೊಳೆಯಿತು.

ನಿನ್ನ ಕಾನೂನು ಎಲ್ಲಿಂದ ಬಂತೆಂದು ನನಗೆ ಗೊತ್ತು, ಅಂದರೆ ನೀನು ಹೇಳಿದ ಒಂದು ವಾಕ್ಯದಷ್ಟು ಗೊತ್ತು. ಈ ಅಂಗಡಿ ಹಾಕುವ ಮೊದಲು ನೀನು ಕೆಲಸಕ್ಕಿದ್ದ ಲಾಂಡ್ರಿ ಜುಂಗಿನಿಂದ ಸುಟ್ಟುಹೋಯಿತು, ನಿನ್ನ ಜೊತೆಗಾತಿ ಉಳಿಯಲಿಲ್ಲ. ಅಷ್ಟೇ. ಚಿಕ್ಕವರಿದ್ದಾಗ ನಾನೂ ತಮ್ಮನೂ ಎಷ್ಟು ಸಲ ಕೇಳಿದರೂ "ಆಯ್ತು, ಜಾಲರಿ ಗುಡಿಸಿ" ಎನ್ನುತ್ತಿದ್ದೆ. ಆದ್ದರಿಂದ ನಿನ್ನ ಹತ್ತಿರ ಏನು ಕೇಳುತ್ತಿದ್ದೇನೆ ಎನ್ನುವ ಅಂದಾಜು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಎದುರು ಬೀದಿಯ ಲಾಂಡ್ರಿಯವರು "ನಮ್ಮಲ್ಲೇ ಮಾಡಿ, ನಮ್ಮದು ಹೇಗೂ ಗುಡಿಸೋದಿಲ್ಲ" ಎಂದು ತಾವಾಗಿಯೇ ಹೇಳಿದ್ದಾರೆ. ಅಲ್ಲಿ ಡ್ರೈಯರಿಗೆ ಬೆನ್ನು ತಾಗಿಸಿಕೊಂಡು ಹೆಂಗಸರು ಕೆಲಸ ಮಾಡುತ್ತಾರೆ. ಅಲ್ಲಿ ಮಾಡುವುದಿಲ್ಲ. ಮಾಡುವುದಾದರೆ ನಮ್ಮ ಹಿತ್ತಲಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಅನುದಾನದ ಹಣದಲ್ಲೇ ಇಟ್ಟಿಗೆಯ ಶೆಡ್ಡು ಕಟ್ಟಿ. ಯಂತ್ರ ನಡೆಯುವಾಗ ಒಳಗೆ ಯಾರೂ ಇರುವುದಿಲ್ಲ, ಹೊರಗಿನ ಕಿಟಕಿಯಿಂದ ನೋಡುವುದು. ಅಗ್ನಿಶಾಮಕ ದಳದವರು ಬಂದು ನೋಡಿ ಒಪ್ಪಬೇಕು ಎಂದು ಅನುದಾನದವರೇ ಷರತ್ತು ಹಾಕಿದ್ದಾರೆ. ಮುಖ್ಯ ಕಟ್ಟಡದಲ್ಲಿ ನಿನ್ನ ಕಾನೂನು ಒಂದು ಎಳೆಯಷ್ಟೂ ಸಡಿಲವಾಗುವುದಿಲ್ಲ. ದೊಡ್ಡಕ್ಕ ಇರುವವರೆಗೆ ಆಗುವುದೂ ಇಲ್ಲ.

ಇದೆಲ್ಲ ನನ್ನ ಹಟವೇ, ಅಥವಾ ನಿಜಕ್ಕೂ ಬೇಕಾದ ಕೆಲಸವೇ ಎಂದು ನನ್ನನ್ನೇ ಕೇಳಿಕೊಂಡೆ. ಎರಡೂ ಇದೆ ಅನ್ನಿಸುತ್ತದೆ. ಹಟ ಇಲ್ಲದಿದ್ದರೆ ಕಾಲೇಜಿನ ಕೆಲಸ ಬಿಟ್ಟು ಮೇಣ ಕರಗಿಸುತ್ತಾ ಕೂರುತ್ತಿರಲಿಲ್ಲ. ಆದರೆ ನಿನ್ನ ಕಾನೂನು ಇರುವುದು ಈ ಒಂದು ಕಟ್ಟಡದಲ್ಲಿ ಮಾತ್ರ. ಜುಂಗು ತುಂಬಿದಾಗ ತಾನೇ ನಿಲ್ಲುವ ಯಂತ್ರವಿದ್ದರೆ ಅದು ನಿನ್ನನ್ನು ಕಂಡೇ ಇರದವರ ಲಾಂಡ್ರಿಯಲ್ಲೂ ನಡೆಯುತ್ತದೆ. ಇದು ಆಗುತ್ತದೆ, ಅಮ್ಮಾ. ಹೇಗೆ ಎನ್ನುವುದು ಪೂರ್ತಿ ಗೊತ್ತಿಲ್ಲ, ಆಗುತ್ತದೆ ಎನ್ನುವುದು ಗೊತ್ತು. ಯೋಚಿಸಿ ಹೇಳು. ನಿನ್ನ ಒಪ್ಪಿಗೆಗೆ ಕಾಯುತ್ತೇನೆ.

ತಮ್ಮನಿಗೂ ಅವನ ಹೆಂಡತಿಗೂ ನನ್ನ ಪ್ರೀತಿ. ಕಾಲ ಮೇಲೆ ಜಾಸ್ತಿ ಭಾರ ಹಾಕಬೇಡ, ಅವರ ಮಕ್ಕಳ ಮೇಲೂ ಜಾಸ್ತಿ ಕೂಗಾಡಬೇಡ. ಇಲ್ಲಿಂದಲೇ ನಿನ್ನ ಎರಡೂ ಪಾದಗಳನ್ನು ಮುಟ್ಟಿದ್ದೇನೆ, ಆಪರೇಷನ್ ಆದ ಕಾಲನ್ನು ಸ್ವಲ್ಪ ಮೆಲ್ಲಗೆ.

ನಿನ್ನ ಮಗಳು

ಮರೆತ ಮಾತು: ಕಾಗದ ಅಂಚೆಗೆ ಹಾಕಲು ದೊಡ್ಡಕ್ಕ ಮೇಲೆ ಬಂದಿದ್ದಾಳೆ, ಬಾಗಿಲಲ್ಲೇ ನಿಂತಿದ್ದಾಳೆ, ಗೀಚುತ್ತಿದ್ದೇನೆ. "ಏನು ಬರೆದೆ?" ಅಂದಳು. ಒಪ್ಪಿಗೆ ಕೇಳಿದ್ದೇನೆ ಅಂದೆ. "ದೊಡ್ಡಮ್ಮ ಬೇಡ ಅಂದ್ರೆ?" "ಆದ್ರೂ ಮಾಡ್ತೀನಿ" ಅಂದುಬಿಟ್ಟೆ. ನನ್ನ ಕಿವಿಗೆ ಬಿದ್ದ ಮೇಲೆ ಅದೇ ನಿಜ ಎಂದು ಗೊತ್ತಾಯಿತು. ಆದ್ದರಿಂದ ಮೇಲೆ ಬರೆದದ್ದನ್ನು ತಿದ್ದಿಕೋ: ನಿನ್ನ ಹಿತ್ತಲು ಬೇಡವೆಂದರೆ ಊರಾಚೆ ಜಾಗ ಬಾಡಿಗೆಗೆ ಹಿಡಿಯುತ್ತೇನೆ, ಮಾಡುತ್ತೇನೆ. ನಾನು ಕೇಳಬೇಕಾದದ್ದು ಬೇರೆ. ಶೆಡ್ಡಿನ ನಕ್ಷೆಯಲ್ಲಿ ಶಾಖ ಅಳೆಯುವ ಮೀಟರುಗಳನ್ನು ಎಲ್ಲಿಡಬೇಕೆಂದು ಪುಸ್ತಕ ನೋಡಿ ಗುರುತು ಹಾಕಿದ್ದೇನೆ. ಪುಸ್ತಕ ಬರೆದವರು ಆ ಸುಟ್ಟುಹೋದ ಲಾಂಡ್ರಿಯಲ್ಲಿ ಇರಲಿಲ್ಲ, ನೀನು ಇದ್ದೆ. ಆ ದಿನ ಮೊದಲು ವಾಸನೆ ಬಂತಾ, ಹೊಗೆ ಬಂತಾ, ಯಂತ್ರದ ಸದ್ದು ಬದಲಾಯಿತಾ? ಬೆಂಕಿ ಶುರುವಾದದ್ದು ಎಲ್ಲಿಂದ? ನಿನ್ನ ಜೊತೆಗಾತಿ ಎಲ್ಲಿ ನಿಂತಿದ್ದಳು? ಅವಳ ಹೆಸರನ್ನೂ ನೀನು ನಮಗೆ ಹೇಳಿಲ್ಲ. ತಮ್ಮನಿಗೆ ಹೇಳಿ ಬರೆಸಬೇಡ, ಫೋನಿನಲ್ಲೂ ಬೇಡ. ಭಾನುವಾರ ನಾನೇ ಬರುತ್ತೇನೆ, ಅವರನ್ನೆಲ್ಲ ಹೊರಗೆ ಕಳಿಸಿ ಇಬ್ಬರೇ ಕೂರೋಣ. ನೀನು ಪೂರ್ತಿ ಹೇಳುವವರೆಗೆ ಆ ಡ್ರೈಯರಿಗೆ ಕರೆಂಟು ಕೊಡುವುದಿಲ್ಲ.