ಗುರುವಾರ ಖಾಲಿ ಇರುವ ಗದ್ದೆಯ ಕುರಿತು

ಭೂಬಳಕೆ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಗದ್ದೆಯನ್ನು ತಾವು ಪಾಳುಭೂಮಿ ಎಂದು ಘೋಷಿಸಿದ್ದೀರಿ. ಅದರ ಮೇಲೆ ಕೆಮ್ಮಣ್ಣು ತುಂಬಿಸಿ ಅಂಗಡಿಗಳ ಸಂಕೀರ್ಣವನ್ನೂ ಕಾರು ನಿಲ್ಲಿಸುವ ಅಂಗಳವನ್ನೂ ಕಟ್ಟಲು ಅಪ್ಪಣೆ ಕೊಟ್ಟಿದ್ದೀರಿ. ಕಾರಣವೇನೆಂದರೆ, ತಮ್ಮ ಪರಿಶೀಲಕರು ಬಂದಾಗಲೆಲ್ಲ ಅಲ್ಲಿ ಒಬ್ಬರೂ ಕೆಲಸ ಮಾಡುತ್ತಿರಲಿಲ್ಲವಂತೆ. ನಿಜ, ಮಾಡುತ್ತಿರಲಿಲ್ಲ. ಅವರು ಬಂದದ್ದೆಲ್ಲ ಗುರುವಾರ.

ನಮ್ಮ ರಾಜಧಾನಿ ಅಂತಾನಾನರಿವೊದ ಈ ಪಶ್ಚಿಮ ಬಯಲಿನಲ್ಲಿ ಗುರುವಾರ ಗದ್ದೆಗಿಳಿಯುವುದು ನಿಷಿದ್ಧ ಎಂಬುದು ತಮಗೆ ತಿಳಿಯದ ಸಂಗತಿಯೇ? ಅಂದು ಮಣ್ಣು ಮಲಗಿರುತ್ತದೆ. ಎಬ್ಬಿಸಿದರೆ ಆಲಿಕಲ್ಲು ಬಿದ್ದು ಇಡೀ ಬಯಲಿನ ಭತ್ತ ಮಣ್ಣುಪಾಲಾಗುತ್ತದೆ. ಹಾಗಾಗಿ ಅಂದು ನಾವು ಬದುವಿನ ಮೇಲೆ ಕೂತು ಅಕ್ಕಿಹಿಟ್ಟಿನ ಬಿಸಿ ಮುಫು ತಿನ್ನುತ್ತೇವೆ, ಮಕ್ಕಳು ಗಾಳಿಪಟ ಹಾರಿಸುತ್ತಾರೆ, ನಗರದ ಗೂಡಿನಂಥ ಮನೆಗಳಿಂದ ಜನ ಗಾಳಿ ಕುಡಿಯಲು ಬರುತ್ತಾರೆ. ಇದನ್ನೆಲ್ಲ ಕಣ್ಣಾರೆ ಕಂಡ ಪರಿಶೀಲಕರು ‘ಕೃಷಿಯ ಕುರುಹಿಲ್ಲ, ಜನ ವಿಹರಿಸುತ್ತಿದ್ದಾರೆ’ ಎಂದು ಬರೆದುಕೊಂಡರು, ನಾವು ಕೊಟ್ಟ ಮುಫುವನ್ನೂ ತಿಂದರು.

ಬೇರೆ ದಿನ ಬನ್ನಿ ಎಂದು ಬೇಡಿಕೊಂಡೆವು. ಸ್ಥಳ ಪರಿಶೀಲನೆಗೆ ಗೊತ್ತುಪಡಿಸಿದ ದಿನವೇ ಗುರುವಾರ ಎಂದಿರಿ. ಹೋಗಲಿ, ವಿಹಾರಸ್ಥಳವೆಂದಾದರೂ ಉಳಿಯಲಿ ಎಂದು ಉದ್ಯಾನ ಇಲಾಖೆಯ ಕಾಲಿಗೆ ಬಿದ್ದೆವು. ಅವರ ದಿನ ಬುಧವಾರ. ಅವರು ಬಂದಾಗ ನಾವೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡುತ್ತಿದ್ದೆವು.

“ಇಲ್ಲಿ ಯಾರಮ್ಮ ವಿಹಾರ ಮಾಡ್ತಿರೋದು? ಎಲ್ಲರೂ ಸೊಂಟ ಬಗ್ಗಿಸ್ಕೊಂಡಿದ್ದೀರಲ್ಲ” ಎಂದರು ಆ ಅಧಿಕಾರಿ.

“ನಾಳೆ ಬನ್ನಿ ಸ್ವಾಮಿ, ನೆಟ್ಟಗೆ ನಿಂತಿರ್ತೀವಿ” ಎಂದಳು ಪಕ್ಕದ ತಾಕಿನ ಬಾಕುಲಿ ಅಜ್ಜಿ.

ಹೀಗೆ ಕೃಷಿಯವರ ಕಣ್ಣಿಗೆ ಅದು ಮೋಜಿನ ಬಯಲು, ಮೋಜಿನವರ ಕಣ್ಣಿಗೆ ಬರೀ ಹೊಲಗೆಲಸ. ಎರಡೂ ಆಗಿರುವ ನೆಲಕ್ಕೆ ಸರ್ಕಾರದಲ್ಲಿ ಖಾನೆಯೇ ಇಲ್ಲವೆಂದರೆ ಕೊರತೆ ನೆಲದ್ದೋ, ಸರ್ಕಾರದ್ದೋ? ಒಂದೇ ಒಂದು ಗುರುವಾರ ಸುಮ್ಮನೆ ಗುದ್ದಲಿ ಹಿಡಿದು ನಿಲ್ಲೋಣ ಎಂದು ಅಜ್ಜಿಗೆ ನಾನೇ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಗದ್ದೆ ಉಳಿಸೋಕೆ ಗದ್ದೆಗೇ ಮೋಸ ಮಾಡ್ತೀಯೇನೇ ಹಾಂತಾ?”

ನನಗೆ ನಾಚಿಕೆಯಾಯಿತು. ತಮಗೂ ಆಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕೆಮ್ಮಣ್ಣಿನ ಲಾರಿ ಬಂತು. ಜಾಗ ಖಾಲಿ ಇರುವ ದಿನವೆಂದು ತಾವು ಆರಿಸಿದ್ದು ಗುರುವಾರವನ್ನೇ. ಬದುವಿನ ಹತ್ತಿರ ಲಾರಿ ನಿಲ್ಲಿಸಿದ ಚಾಲಕ ತಿಯಾನಾ ನಮ್ಮನ್ನು ನೋಡಿದ, ನೀರು ನಿಂತ ಗದ್ದೆಯನ್ನು ನೋಡಿದ, ಎಂಜಿನ್ ಆರಿಸಿ ಕೆಳಗಿಳಿದ.

“ಸುರಿಯಪ್ಪ, ಖಾಲಿ ಜಾಗ” ಎಂದರು ಲಾರಿಯ ಜೊತೆ ಬಂದಿದ್ದ ತಮ್ಮ ಪರಿಶೀಲಕರು.

“ಖಾಲಿ ಜಾಗ ಆದ್ರೆ ಇವತ್ತು ಯಾರೂ ಯಾಕೆ ಇಳಿದಿಲ್ಲ, ಸಾಹೇಬ್ರೇ? ಪಾಳು ಬಿದ್ದಿದ್ದಕ್ಕೆ ಯಾರಾದ್ರೂ ರಜೆ ಕೊಡ್ತಾರಾ? ನಮ್ಮೂರಲ್ಲೂ ಗದ್ದೆ ಇದೆ. ಗುರುವಾರ ನಾನು ಮಣ್ಣು ಮುಟ್ಟಲ್ಲ.”

“ಹಾಗಾದ್ರೆ ನಾನೇ ಸುರೀತೀನಿ” ಎಂದ ಪರಿಶೀಲಕರು ಲಾರಿ ಹತ್ತಿದರು. ಮಣ್ಣು ಸುರಿಯುವ ಸನ್ನೆಕೋಲಿನ ಮೇಲೆ ಕೈಯಿಟ್ಟರು. ಆಕಾಶ ನೋಡಿದರು. ಬಯಲ ತುದಿಯಲ್ಲಿ ಒಂದಿಷ್ಟು ಮೋಡವಿತ್ತು. ಇಳಿದುಬಂದು ಬಾಕುಲಿ ಅಜ್ಜಿಯ ಪಕ್ಕದಲ್ಲಿ ಕೂತರು. ಅವರ ತಾಯಿಯೂ ಭತ್ತ ಬೆಳೆದವರೇ ಎಂದು ಆಗ ತಿಳಿಯಿತು. ಅಜ್ಜಿ ಮುಫು ಕೊಟ್ಟಳು. ತಿಯಾನಾ ಮಕ್ಕಳ ಗಾಳಿಪಟದ ದಾರ ಬಿಡಿಸಿಕೊಟ್ಟ.

ಆದರೆ ಲಾರಿ ಇನ್ನೂ ಅಲ್ಲೇ ನಿಂತಿದೆ, ನಾಳೆ ಶುಕ್ರವಾರ. ಶುಕ್ರವಾರಕ್ಕೆ ಯಾವ ನಿಷೇಧವೂ ಇಲ್ಲ. ನನಗೆ ಭಯವಾಗುತ್ತಿದೆ.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಆದೇಶ ಹಿಂಪಡೆಯಿರಿ ಎಂದು ಕೇಳಿದರೆ ತಮ್ಮ ಇಲಾಖೆಗೆ ಮುಖಭಂಗ. ಬೇಡ. ಅದಕ್ಕೆ ಒಂದು ಸಾಲು ಮಾತ್ರ ಸೇರಿಸಿ: ‘ಮಣ್ಣು ತುಂಬಿಸುವ ಕೆಲಸ ಗುರುವಾರಗಳಂದು ಮಾತ್ರ ನಡೆಯತಕ್ಕದ್ದು.’ ನಮ್ಮ ಗದ್ದೆ ಖಾಲಿಯೆಂದು ತಾವು ಕಂಡದ್ದು ಆ ದಿನಗಳಲ್ಲಿ ತಾನೇ? ಆ ದಿನಗಳನ್ನು ತೆಗೆದುಕೊಳ್ಳಿ. ಉಳಿದ ದಿನಗಳ ಗದ್ದೆಯನ್ನು ತಾವು ನೋಡಿಯೇ ಇಲ್ಲ, ಅದು ನಮ್ಮದು.

ಆ ಸಾಲು ನಾಳೆ ಬೆಳಗಾಗುವುದರೊಳಗೆ ಬರಬೇಕು. ಬಾರದಿದ್ದರೆ ಲಾರಿಯ ಹಿಂದೆಯೇ ಬಾಕುಲಿ ಅಜ್ಜಿ ಸಸಿ ಹಿಡಿದು ನಾಟಿ ಮಾಡುತ್ತಿರುತ್ತಾಳೆ. ನಾಟಿಗೆ ಬಗ್ಗಿದರೆ ಅವಳಿಗೆ ಕಿವಿ ಕೇಳುವುದಿಲ್ಲ, ಹಾರ್ನ್ ಹೊಡೆದರೆ ಏಳುವುದಿಲ್ಲ. ತಾವೇ ಬಂದು ಭುಜ ಮುಟ್ಟಿ ಎಬ್ಬಿಸಬೇಕು, ಅದಕ್ಕೆ ಕೆಸರಿಗಿಳಿಯಬೇಕಾಗುತ್ತದೆ.

ಇಂತಿ,
ಗುರುವಾರ ತಮ್ಮ ಲೆಕ್ಕಕ್ಕೆ ರೈತಳಲ್ಲದ, ನಾಳೆ ಬೆಳಿಗ್ಗೆ ಅಜ್ಜಿಯ ಪಕ್ಕದ ಸಾಲಿನಲ್ಲಿರುವ,
ಹಾಂತಾ